ಬಸ್ಸು ಹೊರಡುವ ಮುಂಚೆ ಹತ್ತು ನಿಮಿಷ: ಸಾರಿಗೆ ಇಲಾಖೆಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ, ಸಾರಿಗೆ ಆಯುಕ್ತರಿಗೆ, ಜೊತೆಗೆ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸುವ ಎಲ್ಲರಿಗೂ,

ನಮಸ್ಕಾರ.

ರಾತ್ರಿ ಎಂಟರ ಮೇಲೆ ಬೆಂಗಳೂರಿನ ಆನಂದರಾವ್ ವೃತ್ತದಲ್ಲೋ ಗೊರಗುಂಟೆಪಾಳ್ಯದಲ್ಲೋ ಬ್ಯಾಗು ಹಿಡಿದು ನಿಂತವರನ್ನು ಮಾತಾಡಿಸಿ ನೋಡಿ. ಗೋಕರ್ಣಕ್ಕೆ ಸುತ್ತಾಡಲು ಹೊರಟ ಹುಡುಗರು ಇದ್ದೇ ಇರುತ್ತಾರೆ. ಅವರ ಪಕ್ಕದಲ್ಲೇ ಮಗುವಿನ ಜವಳಕ್ಕೆ ಊರಿಗೆ ಹೊರಟವರು, ಸಾವಿನ ಸುದ್ದಿ ಬಂದು ಉಟ್ಟ ಬಟ್ಟೆಯಲ್ಲೇ ಬಂದವರು, ಸೋಮವಾರದ ಪರೀಕ್ಷೆ ಮುಗಿಸಿ ವಾಪಸಾಗುತ್ತಿರುವವರು ಇದ್ದಾರೆ. ಎದುರು ದಿಕ್ಕಿನಲ್ಲಿ, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯಿಂದ ಬರುವ ಬಸ್ಸಿನಲ್ಲಿ ಆಸ್ಪತ್ರೆಯ ಫೈಲು ಎದೆಗವಚಿಕೊಂಡವರು ಸಿಗುತ್ತಾರೆ. ಬೆಳಿಗ್ಗೆ ಆರಕ್ಕೆ ಇಳಿದು, ಬಸ್ ನಿಲ್ದಾಣದಲ್ಲೇ ಮುಖ ತೊಳೆದು, ಜಯದೇವದಲ್ಲೋ ಕಿದ್ವಾಯಿಯಲ್ಲೋ ನಿಮ್ಹಾನ್ಸ್‌ನಲ್ಲೋ ಚೀಟಿ ಮಾಡಿಸಿ, ಸಂಜೆ ಮತ್ತೆ ಬಸ್ಸು ಹತ್ತುವವರು ಅವರು. ಎರಡು ರಾತ್ರಿ ಬಸ್ಸಿನಲ್ಲೇ ಕಳೆದರೆ ಲಾಡ್ಜಿನ ಬಾಡಿಗೆ ಉಳಿಯುತ್ತದೆ, ಒಂದು ದಿನದ ಕೂಲಿಯೂ ಉಳಿಯುತ್ತದೆ. ರಾತ್ರಿ ಬಸ್ಸು ತುಂಬುವುದಕ್ಕೆ ದೊಡ್ಡ ಕಾರಣ ಈ ಸರಳ ಲೆಕ್ಕ.

ರೈಲಿದೆಯಲ್ಲ ಎನ್ನಬಹುದು. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ, ಆದರೂ ಜ್ವರ ಎರಡು ತಿಂಗಳು ಮುಂಚೆ ಹೇಳಿ ಬರುವುದಿಲ್ಲ. ತತ್ಕಾಲ್ ಹಿಂದಿನ ದಿನ ಎಸಿಗೆ ಹತ್ತು ಗಂಟೆಗೆ, ಉಳಿದದ್ದಕ್ಕೆ ಹನ್ನೊಂದಕ್ಕೆ ತೆರೆಯುತ್ತದೆ, ಹಬ್ಬದ ವಾರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತವಾದದ್ದು ಒಳ್ಳೆಯ ಕೆಲಸ. ಆದರೆ ಪಲ್ಲಕ್ಕಿ, ಅಂಬಾರಿಯಂಥ ಸ್ಲೀಪರ್ ಬಸ್ಸು ಅದರೊಳಗೆ ಬರುವುದಿಲ್ಲ. ಬೆನ್ನು ನೋವಿನವರು, ಆಪರೇಷನ್ ಆದವರು 500 ಕಿ.ಮೀ. ಕೂತು ಹೋಗಲಾರರು. ಹಾಗಾಗಿ ಖಾಸಗಿ ಸ್ಲೀಪರ್ ಬಸ್ಸು ಹತ್ತುವವರಲ್ಲಿ ಬೇರೆ ದಾರಿ ಇಲ್ಲದೆ ಹತ್ತುವವರೇ ಬಹಳ.

ಅವರಿಗೆ ಭಯವಿಲ್ಲ ಎಂದಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಬಸ್ಸು ಪಾಲೆಂ ಬಳಿ ಉರಿದು 45 ಜನ ಸತ್ತರು. ಎರಡೇ ವಾರ ಕಳೆದು, ನವೆಂಬರ್ 14ರಂದು, ಹಾವೇರಿ ಹತ್ತಿರ ಮುಂಬೈಗೆ ಹೊರಟ ಬಸ್ಸಿನಲ್ಲಿ 7 ಜನ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲು ಬಳಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸಿನ ಅಡಿಗೆ ಬೈಕೊಂದು ಸಿಕ್ಕಿ ಕಿಡಿ ಹತ್ತಿತು, 19 ಪ್ರಯಾಣಿಕರು ಮಲಗಿದಲ್ಲೇ ಹೋದರು. ಅದೇ ವರ್ಷ ಡಿಸೆಂಬರ್ 25ರಂದು ಹಿರಿಯೂರು ತಾಲ್ಲೂಕಿನ ಗೊರ್ಲತ್ತು ಬಳಿ ಕಂಟೇನರ್ ಲಾರಿ ಡಿವೈಡರ್ ದಾಟಿ ಬಂದು ಗೋಕರ್ಣದ ಬಸ್ಸಿಗೆ ಗುದ್ದಿತು, ಬಸ್ಸು ಸುಟ್ಟು ಹೋಯಿತು. ಪ್ರತಿ ಬಾರಿಯೂ ಒಂದು ವಾರ ಆರ್‌ಟಿಒ ತಪಾಸಣೆ ಜೋರು, ದಂಡದ ಮೊತ್ತ ಪತ್ರಿಕೆಯಲ್ಲಿ, ಆಮೇಲೆ ಯಥಾಪ್ರಕಾರ.

ನಾವು ಕೇಳುತ್ತಿರುವುದು ಒಂದೇ. ಬಸ್ಸು ಮೊದಲ ಪಿಕಪ್ಪಿಗೆ ಹೊರಡುವ ಮುಂಚೆ, ಸಂಜೆ, ಅದು ನಿಂತಲ್ಲೇ, ಹತ್ತು ನಿಮಿಷ ನೋಡಿ.

ಎಫ್‌ಸಿ, ಅಂದರೆ ಬಸ್ಸು ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ, ಇದೆಯಲ್ಲ ಎಂದು ಇಲಾಖೆ ಹೇಳುತ್ತದೆ. ಬಸ್ಸಿಗೆ ಎಂಟು ವರ್ಷ ಆಗುವವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ದಿನವೂ 500 ಕಿ.ಮೀ. ಓಡುವ ಬಸ್ಸು ಎರಡು ಎಫ್‌ಸಿ ನಡುವೆ ಮೂರು ಲಕ್ಷ ಕಿ.ಮೀ. ದಾಟಿರುತ್ತದೆ. ಎಫ್‌ಸಿ ದಿನ ಬೆಂಕಿ ಆರಿಸುವ ಸಿಲಿಂಡರ್ ಇರುತ್ತದೆ, ಕಿಟಕಿ ಗಾಜು ಒಡೆಯುವ ಸುತ್ತಿಗೆ ಇರುತ್ತದೆ, ತುರ್ತು ಬಾಗಿಲು ಬೆಣ್ಣೆಯಂತೆ ತೆರೆದುಕೊಳ್ಳುತ್ತದೆ. ಮರುದಿನ ಆ ಸಿಲಿಂಡರ್ ಇನ್ನೊಂದು ಬಸ್ಸಿನ ಎಫ್‌ಸಿಗೆ ಹೋಗಿರುತ್ತದೆ. ಈ ಮಾತು ಗ್ಯಾರೇಜಿನಲ್ಲಿ ಎಲ್ಲರಿಗೂ ಗೊತ್ತು, ಬ್ರೇಕ್ ಇನ್‌ಸ್ಪೆಕ್ಟರ್‌ಗೂ ಗೊತ್ತು. ಸರ್ಕಾರಿ ನಿಗಮದ ಬಸ್ಸಿಗೆ ಇದಕ್ಕೊಂದು ತಡೆ ಇದೆ: ಅದು ಡಿಪೋ ಒಳಗೆ ಹೋಗಿಯೇ ಹೊರಬರಬೇಕು, ಚಾಲಕ ಕಂಡ ದೋಷ ಬರೆದು ಕೊಡಬೇಕು, ನೋಡಲು ಮೆಕ್ಯಾನಿಕ್ ಇರುತ್ತಾನೆ. ಖಾಸಗಿ ಬಸ್ಸು ಬೆಳಿಗ್ಗೆ ಜನ ಇಳಿಸಿ ಊರ ಹೊರಗಿನ ಯಾವುದೋ ಖಾಲಿ ಸೈಟಿನಲ್ಲಿ ನಿಲ್ಲುತ್ತದೆ. ನೀರು ಹೊಡೆದು, ಬೆಡ್‌ಶೀಟ್ ಬದಲಿಸಿ, ಪಾರ್ಸೆಲ್ ತುಂಬಿಸಿದರೆ ಸಂಜೆಗೆ ರೆಡಿ. ಆ ಹೊತ್ತಿನಲ್ಲಿ ಅದನ್ನು ಸರ್ಕಾರದ ಕಣ್ಣು ನೋಡುವುದೇ ಇಲ್ಲ.

ಇನ್ನು ಆ ಹತ್ತು ನಿಮಿಷದಲ್ಲಿ ಏನು ನೋಡಬೇಕು ಎಂಬುದು.

ಮೊದಲು ವೈರಿಂಗು, ಯಾಕೆಂದರೆ ಬಸ್ಸು ಯಾವುದಕ್ಕೂ ಗುದ್ದದೆಯೇ ಉರಿದರೆ ಮೊದಲು ಅನುಮಾನಿಸಬೇಕಾದದ್ದು ಅಲ್ಲೇ. ಬಸ್ಸಿನದು 24 ವೋಲ್ಟಿನ ವ್ಯವಸ್ಥೆ, 12 ವೋಲ್ಟಿನ ಎರಡು ಬ್ಯಾಟರಿ ಸಾಲಾಗಿ ಜೋಡಿಸಿದ್ದು. ಕಂಪನಿಯಿಂದ ಬಂದ ವೈರಿಂಗು ಲೆಕ್ಕ ಹಾಕಿ ಮಾಡಿದ್ದಿರುತ್ತದೆ. ಆಮೇಲೆ ಪ್ರತಿ ಬರ್ತಿಗೆ ಮೊಬೈಲ್ ಚಾರ್ಜರ್, ಓದುವ ದೀಪ, ಛಾವಣಿಗೆ ನೀಲಿ ಎಲ್‌ಇಡಿ ಪಟ್ಟಿ, ಟಿವಿ, ಅದಕ್ಕೊಂದು ಇನ್ವರ್ಟರ್ ಎಂದು ಒಂದೊಂದೇ ಸೇರುತ್ತವೆ. ಎಲ್ಲಕ್ಕೂ ಹತ್ತಿರದಲ್ಲಿ ಸಿಕ್ಕ ತಂತಿಯಿಂದಲೇ ಕರೆಂಟು ಎಳೆಯುತ್ತಾರೆ. ಭಾರ ಹೆಚ್ಚಾಗಿ 10 ಆಂಪಿಯರ್ ಫ್ಯೂಸು ಹಾರುತ್ತದೆ. ಹಾರುವುದೇ ಅದರ ಕೆಲಸ, ತಂತಿ ಕಾಯುವ ಮೊದಲು ತಾನು ಸಾಯಬೇಕು. ರಾತ್ರಿ ಹನ್ನೊಂದಕ್ಕೆ ಹಿಂದಿನ ಸಾಲಿನಲ್ಲಿ ಚಾರ್ಜರ್ ಕೆಲಸ ಮಾಡುತ್ತಿಲ್ಲ ಎಂದು ಗಲಾಟೆ ಆದಾಗ ಕ್ಲೀನರ್ ಏನು ಮಾಡುತ್ತಾನೆ? ಆ ಜಾಗಕ್ಕೆ 30 ಆಂಪಿಯರ್ ಫ್ಯೂಸು ಒತ್ತುತ್ತಾನೆ, ಅದೂ ಇಲ್ಲದಿದ್ದರೆ ತಾಮ್ರದ ಎಳೆ ಸುತ್ತುತ್ತಾನೆ. 24 ವೋಲ್ಟಿನಲ್ಲಿ 10 ಆಂಪಿಯರ್ ಅಂದರೆ 240 ವ್ಯಾಟ್, 30 ಅಂದರೆ 720. ತಂತಿ ಮಾತ್ರ ಮೊದಲಿನ ತೆಳು ತಂತಿಯೇ. ಅದು ಓಡುವುದು ಪ್ಲೈವುಡ್ ಹಲಗೆಯ ಹಿಂದೆ, ರೆಕ್ಸಿನ್ ಅಡಿಯಲ್ಲಿ, ಫೋಮಿನ ಪಕ್ಕದಲ್ಲಿ. ಕಾದರೂ ಕಣ್ಣಿಗೆ ಬೀಳುವುದಿಲ್ಲ.

ನೋಡುವ ಬಗೆ ಕಷ್ಟದ್ದಲ್ಲ. ಎಲ್ಲ ದೀಪ, ಎಸಿ, ಟಿವಿ ಹಾಕಿಸಿ ಐದು ನಿಮಿಷ ಬಿಡಿ. ಫ್ಯೂಸು ಪೆಟ್ಟಿಗೆ ತೆರೆಸಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಇದೆಯೇ, ಫ್ಯೂಸಿನ ತಳ ಕಂದಾಗಿದೆಯೇ, ಮುಚ್ಚಳದ ಮೇಲೆ ಬರೆದ ಆಂಪಿಯರಿಗೂ ಒಳಗಿನ ಫ್ಯೂಸಿನ ಬಣ್ಣಕ್ಕೂ ತಾಳೆಯಾಗುತ್ತದೆಯೇ ನೋಡಿ. ಕೆಂಪು 10, ಹಸಿರು 30. ಹಸಿರು ಇರಬಾರದ ಕಡೆ ಹಸಿರು ಕಂಡರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಬ್ಯಾಟರಿ ಪೆಟ್ಟಿಗೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸೇ ಇರುವುದಿಲ್ಲ, ಅದು ಚಾಸಿ ಕಬ್ಬಿಣಕ್ಕೆ ಉಜ್ಜಿ ಸಿಪ್ಪೆ ಹೋದರೆ ನೇರ ಕಿಡಿ. ಕಬ್ಬಿಣದ ತೂತಿನಲ್ಲಿ ತಂತಿ ನುಗ್ಗಿಸಿದ ಕಡೆ ರಬ್ಬರ್ ಬುಶ್ ಇರಬೇಕು, ಇಲ್ಲದಿದ್ದರೆ ನಡುಕಕ್ಕೆ ತೂತಿನ ಅಂಚು ತಂತಿಯನ್ನು ಕೊಯ್ಯುತ್ತಲೇ ಇರುತ್ತದೆ. ಬ್ಯಾಟರಿಯ ಮೇನ್ ಸ್ವಿಚ್ ಚಾಲಕನ ಕೈಗೆ ಎಟಕಬೇಕು. ಕೆಲವು ಬಸ್ಸಿನಲ್ಲಿ ಅದು ಹೊರಗಡೆ, ಬೀಗ ಹಾಕಿದ ಬಾಗಿಲ ಹಿಂದೆ ಇರುತ್ತದೆ, ಬೀಗದ ಕೈ ಯಾರ ಹತ್ತಿರ ಇದೆಯೋ ಆ ದೇವರೇ ಬಲ್ಲ.

ಎರಡನೆಯದು ಬಾಗಿಲು. ಸ್ಲೀಪರ್ ಬಸ್ಸಿನ ಮುಖ್ಯ ಬಾಗಿಲು ಮುಂದೆ ಎಡಕ್ಕೆ. ಎದುರಿನಿಂದ ಗುದ್ದಿದಾಗ ಮೊದಲು ಜಖಂ ಆಗುವುದೂ ಅದೇ ಮೂಲೆ. ಚೌಕಟ್ಟು ಸೊಟ್ಟಾದರೆ ಗಾಳಿಯ ಒತ್ತಡದಿಂದ ತೆರೆದು ಮುಚ್ಚುವ ಬಾಗಿಲು ಕದಲುವುದಿಲ್ಲ. ಬಾಗಿಲ ಹತ್ತಿರ ಕೆಂಪು ಬಣ್ಣದ ತುರ್ತು ವಾಲ್ವ್ ಇರುತ್ತದೆ, ತಿರುಗಿಸಿದರೆ ಗಾಳಿ ಹೊರಹೋಗಿ ಬಾಗಿಲನ್ನು ಕೈಯಿಂದ ತಳ್ಳಬಹುದು. ಅದು ಎಲ್ಲಿದೆ ಎಂದು ಪ್ರಯಾಣಿಕರಲ್ಲಿ ಒಬ್ಬರಿಗೂ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ವಿಮಾನದಲ್ಲಿ ಬೆಲ್ಟು ಕಟ್ಟುವುದನ್ನು ಎರಡು ಭಾಷೆಯಲ್ಲಿ ಹೇಳುತ್ತಾರೆ, ಬಸ್ಸಿನಲ್ಲಿ ನೀರಿನ ಬಾಟಲಿ ಕೊಟ್ಟು ದೀಪ ಆರಿಸುತ್ತಾರೆ.

ಮುಂದಿನ ಬಾಗಿಲು ಕೈಕೊಟ್ಟಾಗ ಉಳಿಯುವುದು ಹಿಂದಿನ ಅಥವಾ ಬಲಬದಿಯ ತುರ್ತು ಬಾಗಿಲು. ಅದಕ್ಕೆ ಅಡ್ಡವಾಗಿ ಬರ್ತ್ ಹಾಕಿ ಮಾರುವುದು, ಹಿಡಿಕೆಯ ಮೇಲೆ ಕರ್ಟನ್ ಇಳಿಬಿಡುವುದು, ಎದುರಿಗೆ ಪಾರ್ಸೆಲ್ ಒಟ್ಟುವುದು, ಹೊರಗಡೆಯಿಂದ ಸ್ಟಿಕ್ಕರ್ ಅಂಟಿಸಿ ಸಂದು ಮುಚ್ಚುವುದು, ಇವೆಲ್ಲ ದಿನಾ ಕಾಣುವಂಥವು. ಪರೀಕ್ಷೆ ಒಂದೇ: ಒಳಗಿನಿಂದ ಒಬ್ಬರು ಒಂದೇ ಕೈಯಲ್ಲಿ ತೆರೆಯಬೇಕು. ತೆರೆಯದಿದ್ದರೆ ಬಸ್ಸು ಹೊರಡಬಾರದು. ಕಿಟಕಿಯ ಮಾತೂ ಇದೇ. ಎಸಿ ಬಸ್ಸಿನ ಗಾಜು ತೆರೆಯುವಂಥದ್ದಲ್ಲ, ಒಡೆಯಬೇಕು. ಪಕ್ಕದ ಗಟ್ಟಿಗಾಜನ್ನು ನಡುವೆ ಬಡಿದರೆ ಪೆಟ್ಟು ಪುಟಿದು ಬರುತ್ತದೆ, ಮೂಲೆಗೆ, ಅಂಚಿನಿಂದ ನಾಲ್ಕು ಬೆರಳು ಒಳಗೆ, ಚೂಪು ತುದಿಯಿಂದ ಹೊಡೆದರೆ ಹರಳು ಹರಳಾಗಿ ಉದುರುತ್ತದೆ. ಮುಂದಿನ ದೊಡ್ಡ ಗಾಜು ಹಾಗಲ್ಲ, ನಡುವೆ ಹಾಳೆ ಇರುವುದರಿಂದ ಬಿರುಕು ಬಿಟ್ಟರೂ ಕೆಳಗೆ ಬೀಳುವುದಿಲ್ಲ, ಅದರ ಮೇಲೆ ಹೊತ್ತು ಕಳೆಯಬಾರದು. ಸುತ್ತಿಗೆ ಯಾಕಿಲ್ಲ ಎಂದರೆ ಮಾಲೀಕರು ಪ್ರಯಾಣಿಕರೇ ಕದಿಯುತ್ತಾರೆ ಎನ್ನುತ್ತಾರೆ. ನಿಜವೇ. ಅದಕ್ಕೆ ಪರಿಹಾರ ಮೊಳದುದ್ದದ ಸ್ಟೀಲ್ ತಂತಿ, ಸುತ್ತಿಗೆಯನ್ನು ಕಿಟಕಿಗೇ ಕಟ್ಟುವುದು.

ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಫೋಮು, ರೆಕ್ಸಿನ್ ಉರಿದ ಹೊಗೆ ಕೆಲವೇ ಉಸಿರಿನಲ್ಲಿ ಮಂಕು ಕವಿಸುತ್ತದೆ. ಬಿಸಿ ಹೊಗೆ ಛಾವಣಿಗೆ ಏರುವುದರಿಂದ ಮೇಲಿನ ಬರ್ತಿನವರಿಗೆ ಸಮಯ ಇನ್ನೂ ಕಡಿಮೆ. ಇಳಿದು, ಬಗ್ಗಿ, ನೆಲದ ಹತ್ತಿರ ಸರಿಯಬೇಕು. ಕತ್ತಲಲ್ಲಿ ಹೊಳೆಯುವ ದಾರಿಯ ಗುರುತು ನೆಲದ ಮಟ್ಟದಲ್ಲಿರಬೇಕಾದ ಕಾರಣ ಇದು. ಈಗಿರುವ ‘ತುರ್ತು ನಿರ್ಗಮನ’ ಅಕ್ಷರಗಳು ಮೊದಲು ಹೊಗೆಯಲ್ಲಿ ಮುಚ್ಚಿಹೋಗುವ ಎತ್ತರದಲ್ಲೇ ಇರುತ್ತವೆ. ಬರ್ತಿಗೆ ಕರ್ಟನ್ ಬದಲು ಜಾರು ಬಾಗಿಲು ಹಾಕಿದ ಬಸ್ಸಿದ್ದರೆ ಅದನ್ನು ತೆಗೆಸಿ. ಏಕಾಂತ ಸಿಗುತ್ತದೆ ಎಂದು ಜನ ಮೆಚ್ಚುತ್ತಾರೆ, ಬಸ್ಸು ಮಗುಚಿದಾಗ ಅದೇ ಸಿಕ್ಕಿಹಾಕಿಕೊಳ್ಳುತ್ತದೆ.

ಡಿಕ್ಕಿಯೊಳಗೆ ಏನಿದೆ ಎಂಬುದು ಬಹಳಷ್ಟು ಸಲ ಚಾಲಕನಿಗೂ ತಿಳಿದಿರುವುದಿಲ್ಲ. ಟಿಕೆಟಿಗಿಂತ ಪಾರ್ಸೆಲಿನಲ್ಲಿ ಲಾಭ ಹೆಚ್ಚಿನ ಮಾರ್ಗಗಳಿವೆ. ಥಿನ್ನರ್, ಪೇಂಟು, ಪಟಾಕಿ, ಬ್ಯಾಟರಿ, ಮೊಬೈಲ್ ಪೆಟ್ಟಿಗೆ ಎಲ್ಲ ಒಂದೇ ಗೋಣಿಯಲ್ಲಿ ಬರುತ್ತವೆ. ದೀಪಾವಳಿಯ ಹಿಂದಿನ ವಾರ ಇದನ್ನು ನೋಡದೆ ಬಿಡಲೇಬಾರದು. ಪಾರ್ಸೆಲ್ ಕಳಿಸಿದವರ ಹೆಸರು, ಒಳಗಿನ ಸಾಮಾನು ಬರೆದ ಪಟ್ಟಿ ಚಾಲಕನ ಬಳಿ ಇರಬೇಕು. ಪಟ್ಟಿ ಇಲ್ಲದ ಗಂಟು ಕೆಳಗಿಳಿಯಬೇಕು. ಛಾವಣಿಯ ಮೇಲಿನ ಹೊರೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಸ್ಲೀಪರಿನಲ್ಲಿ ಅರ್ಧ ಜನ ಮೇಲೆಯೇ ಮಲಗಿರುವುದರಿಂದ ಬಸ್ಸಿನ ತೂಕ ಮೊದಲೇ ಎತ್ತರದಲ್ಲಿದೆ, ಮತ್ತಷ್ಟು ಏರಿಸಿದರೆ ತಿರುವಿನಲ್ಲಿ ಮಗುಚುತ್ತದೆ.

ಟೈರು. ಹಿಂದೆ ಜೋಡಿ ಚಕ್ರದಲ್ಲಿ ಒಳಗಿನದು ಗಾಳಿ ಕಳೆದುಕೊಂಡರೆ ಹೊರಗಿನದು ಭಾರ ಹೊತ್ತು ಮರೆಮಾಚುತ್ತದೆ. ಒಳಗಿನದು ಮಡಚಿ ಮಡಚಿ ಕಾಯುತ್ತದೆ, ಕೊನೆಗೆ ಹೊತ್ತಿಕೊಳ್ಳುತ್ತದೆ. ಹಳೇ ಚಾಲಕರು ರಾಡಿನಿಂದ ಬಡಿದು ಸದ್ದು ಕೇಳುತ್ತಾರೆ. ಗಾಳಿ ತುಂಬಿದ್ದು ಟಣ್ಣೆಂದು ರಾಡನ್ನು ಹಿಂದಕ್ಕೆ ಎಸೆಯುತ್ತದೆ, ಇಳಿದದ್ದು ದಪ್ಪೆನ್ನುತ್ತದೆ. ಊಟಕ್ಕೆ ನಿಂತಾಗ ಒಂದು ಸುತ್ತು ಬಂದು ಪ್ರತಿ ಚಕ್ರದ ನಡುಭಾಗದ (ಹಬ್) ಹತ್ತಿರ ಅಂಗೈಯ ಹಿಂಬದಿ ಹಿಡಿದರೆ, ಎಡದ್ದು ಬಲದ್ದಕ್ಕಿಂತ ಹೆಚ್ಚು ಬಿಸಿ ಅನ್ನಿಸಿದರೆ, ಅಲ್ಲಿ ಬ್ರೇಕು ಹಿಡಿದೇ ಓಡುತ್ತಿದೆ ಎಂದರ್ಥ. ಎರಡು ನಿಮಿಷದ ಈ ಕೆಲಸವನ್ನು ಟ್ರಿಪ್ ಶೀಟಿನಲ್ಲಿ ಒಂದು ಅಂಕಣವಾಗಿ ಸೇರಿಸಿ.

ಚಾಲಕರ ವಿಷಯಕ್ಕೆ ಬಂದರೆ ನಮ್ಮ ಸಿಟ್ಟು ಅವರ ಮೇಲಲ್ಲ. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯ ಕಾಲಕ್ಕೇ ದಿನಕ್ಕೆ ಎಂಟು ಗಂಟೆ, ದೂರದ ಮಾರ್ಗವಾದರೆ ಹತ್ತು, ಐದು ಗಂಟೆ ಒಂದೇ ಸಮ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು ಬರೆದಿಟ್ಟಿದ್ದರು. ಬಸ್ಸಿನಲ್ಲಿ ಇಬ್ಬರು ಚಾಲಕರಿದ್ದಾರೆ ಎಂದು ಮಾಲೀಕರು ತೋರಿಸುತ್ತಾರೆ. ಎರಡನೆಯವನು ಎಲ್ಲಿ ಮಲಗುತ್ತಾನೆ ನೋಡಿ. ಎಷ್ಟೋ ಬಸ್ಸಿನಲ್ಲಿ ಡಿಕ್ಕಿಯೊಳಗೆ, ಸಾಮಾನಿನ ಪಕ್ಕ, ಎಂಜಿನ್ನಿನ ಕಾವಿನಲ್ಲಿ. ಬೆಳಿಗ್ಗೆ ತಲುಪಿದ ಮೇಲೆ ಇಬ್ಬರೂ ಬಿಸಿಲಲ್ಲಿ ನಿಂತ ಅದೇ ಬಸ್ಸಿನಲ್ಲಿ ಫ್ಯಾನೂ ಇಲ್ಲದೆ ಹೊರಳಾಡಿ ಸಂಜೆ ವಾಪಸ್ ಹೊರಡುತ್ತಾರೆ. ಹಾಗೆ ನಾಲ್ಕು ದಿನವಾದ ಮೇಲೆ ನಸುಕಿನ ಎರಡರಿಂದ ಐದರೊಳಗೆ ಕಣ್ಣು ತೆರೆದೇ ಇರುತ್ತದೆ, ತಲೆ ಮಲಗಿರುತ್ತದೆ. ರಸ್ತೆ ಬದಿಯಲ್ಲಿ ಹಿಂದೀಪವಿಲ್ಲದೆ ನಿಂತ ಲಾರಿಗೆ ಬಸ್ಸು ಬ್ರೇಕಿನ ಗುರುತೂ ಇಲ್ಲದೆ ನುಗ್ಗುವುದು ಆ ಹೊತ್ತಿನಲ್ಲೇ. ಆದ್ದರಿಂದ ಪರವಾನಗಿ ಕೊಡುವಾಗ ಎರಡೂ ತುದಿಯಲ್ಲಿ ಚಾಲಕರಿಗೆ ಮಂಚ, ಫ್ಯಾನು, ಬಚ್ಚಲು ಇರುವ ಕೋಣೆಯ ವಿಳಾಸ ಕೇಳಿ. ಹಿಂದಿನ ರಾತ್ರಿ ಅವರು ಯಾವ ಬಸ್ಸಿನಲ್ಲಿದ್ದರು ಎಂದು ಸಂಜೆ ತಪಾಸಣೆಯಲ್ಲಿ ಬರೆಸಿಕೊಳ್ಳಿ. ಸ್ಪೀಡ್ ಗವರ್ನರ್ 80ಕ್ಕೆ ಕಟ್ಟಿದೆಯೋ ಬಿಚ್ಚಿಟ್ಟಿದೆಯೋ ಎಂದು ನೋಡುವುದೂ ಬೇಕು. ಆದರೆ 410 ಕಿ.ಮೀ. ದೂರದ ಹುಬ್ಬಳ್ಳಿಯನ್ನು ಆರು ಗಂಟೆಯಲ್ಲಿ ಮುಟ್ಟಿಸುತ್ತೇವೆ ಎಂದು ಆ್ಯಪಿನಲ್ಲಿ ಬರೆದವರನ್ನು ಬಿಟ್ಟು ಚಾಲಕನಿಗಷ್ಟೇ ದಂಡ ಹಾಕಿದರೆ ಅರ್ಥವಿಲ್ಲ. ನಡುವೆ ಊಟಕ್ಕೆ ಅರ್ಧ ಗಂಟೆ, ನೆಲಮಂಗಲ ದಾಟಲು ಒಂದು ಗಂಟೆ ಕಳೆಯಿರಿ, ಉಳಿದ ವೇಗದ ಲೆಕ್ಕ ನಿಮಗೇ ಸಿಗುತ್ತದೆ.

ಹೆಣ್ಣುಮಕ್ಕಳ ತೊಂದರೆಯನ್ನು ಅವರೇ ಹೇಳಲು ಸಂಕೋಚಪಡುತ್ತಾರೆ. ಒಂಬತ್ತಕ್ಕೆ ಹತ್ತಿದವರಿಗೆ ಬಸ್ಸು ಒಂದೇ ಕಡೆ ನಿಲ್ಲುತ್ತದೆ, ಅದೂ ಚಾಲಕನಿಗೆ ಪುಕ್ಕಟೆ ಊಟ ಹಾಕುವ ಡಾಬಾದಲ್ಲಿ. ಅಲ್ಲಿನ ಶೌಚಾಲಯಕ್ಕೆ ಚಿಲಕ ಇರುವುದಿಲ್ಲ, ದೀಪ ಇರುವುದಿಲ್ಲ. ಹಾಗಾಗಿ ಸಂಜೆ ನಾಲ್ಕರಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರು, ಬಸುರಿಯರು, ಆಪರೇಷನ್ನಿಗೆ ಹೊರಟವರು ಎಲ್ಲ ಇದೇ ಬಸ್ಸಿನಲ್ಲಿರುತ್ತಾರೆ. ಮೂರು ಗಂಟೆಗೊಂದು ನಿಲುಗಡೆ, ಅದರಲ್ಲೊಂದು ಸರ್ಕಾರಿ ಬಸ್ ನಿಲ್ದಾಣ ಅಥವಾ ಪೆಟ್ರೋಲ್ ಬಂಕು ಎಂದು ಪರವಾನಗಿಯ ಷರತ್ತಿನಲ್ಲಿ ಬರೆಯುವುದಕ್ಕೆ ಹೊಸ ಕಾನೂನು ಬೇಕಿಲ್ಲ. ಇನ್ನೊಂದು, ಇಳಿಸುವ ಜಾಗ. ಟಿಕೆಟಿನಲ್ಲಿ ಊರಿನ ಹೆಸರಿರುತ್ತದೆ, ಬಸ್ಸು ನಸುಕಿನ ನಾಲ್ಕಕ್ಕೆ ಬೈಪಾಸಿನಲ್ಲಿ ಇಳಿಸಿ ಹೋಗುತ್ತದೆ. ಚಿತ್ರದುರ್ಗ, ದಾವಣಗೆರೆ, ಹಾವೇರಿ ಯಾವ ಬೈಪಾಸಾದರೂ ಸರಿ, ಆ ಹೊತ್ತಿಗೆ ಅಲ್ಲಿ ಸಿಗುವುದು ಒಂದೇ ಆಟೋ, ಅವನು ಕೇಳಿದ್ದೇ ಬಾಡಿಗೆ. ಐದೂವರೆಗೆ ಮುಂಚೆ ಊರೊಳಗಿನ ನಿಲ್ದಾಣದಲ್ಲೇ ಇಳಿಸಬೇಕು ಎಂದು ಕಡ್ಡಾಯ ಮಾಡಿ.

ಇಷ್ಟೆಲ್ಲ ನೋಡಲು ಸಿಬ್ಬಂದಿ ಇಲ್ಲ ಎಂದು ಉತ್ತರ ಬರುತ್ತದೆ. ಹೆದ್ದಾರಿಯಲ್ಲಿ ರಾತ್ರಿ ಬಸ್ಸು ತಡೆದು ನೋಡಲು ಹೋದರೆ ನಿಜಕ್ಕೂ ಆಗುವುದಿಲ್ಲ: ಮಲಗಿದವರು ಎದ್ದು ಇನ್‌ಸ್ಪೆಕ್ಟರ್ ಮೇಲೆಯೇ ಕೂಗಾಡುತ್ತಾರೆ, ದೋಷ ಕಂಡರೂ ಮೂವತ್ತಾರು ಜನರನ್ನು ರಸ್ತೆಯಲ್ಲಿ ಇಳಿಸಲು ಬರುವುದಿಲ್ಲ, ದಂಡ ಹಾಕಿ ಅದೇ ಬಸ್ಸನ್ನು ಮುಂದೆ ಬಿಡುತ್ತಾರೆ. ದಂಡದ ರಸೀದಿಯಿಂದ ತುರ್ತು ಬಾಗಿಲು ತೆರೆಯುವುದಿಲ್ಲ. ಅದಕ್ಕೇ ನಾವು ಸಂಜೆ ನಾಲ್ಕರಿಂದ ಎಂಟರವರೆಗೆ, ಬಸ್ಸು ಖಾಲಿ ನಿಂತ ಜಾಗದಲ್ಲಿ ಎಂದದ್ದು. ದೋಷ ಕಂಡರೆ ಬದಲಿ ಬಸ್ಸು ತರಿಸಲು ಮಾಲೀಕನಿಗೆ ಸಮಯವಿರುತ್ತದೆ. ಇಬ್ಬರು ಇನ್‌ಸ್ಪೆಕ್ಟರ್ ನಾಲ್ಕು ಗಂಟೆಯಲ್ಲಿ ಹತ್ತು ನಿಮಿಷದಂತೆ ನೋಡಿದರೆ 48 ಬಸ್ಸು. ಎಲ್ಲ ಬಸ್ಸನ್ನೂ ದಿನಾ ನೋಡಬೇಕಿಲ್ಲ, ಯಾವ ದಿನ ಯಾವ ಅಂಗಳಕ್ಕೆ ಬರುತ್ತಾರೆ ಎಂದು ಮೊದಲೇ ತಿಳಿಯದಿದ್ದರೆ ಸಾಕು. ನೋಡಿದ ಬಸ್ಸಿನ ಬಾಗಿಲಿಗೆ ದಿನಾಂಕ ಬರೆದ ಚೀಟಿ ಅಂಟಿಸಿ, ಹತ್ತುವವರು ಓದಲಿ. ನಾಗಾಲ್ಯಾಂಡ್, ಅರುಣಾಚಲದ ನಂಬರಿನ ಬಸ್ಸು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಸಬೂಬು ಬೇಡ. ಅಖಿಲ ಭಾರತ ಪರವಾನಗಿ ತೆರಿಗೆಯ ಮಾತು, ಸುರಕ್ಷತೆಯ ತಪಾಸಣೆಗೆ ಅದು ಅಡ್ಡಿಯಲ್ಲ. ಹೊಸದಾಗಿ ಕಟ್ಟುವ ಬಸ್ಸಿನ ಬಾಡಿಯ ನಿಯಮ ಬಿಗಿಯಾಗುತ್ತಿರುವುದು ಸರಿಯೇ, ಈ ರಾತ್ರಿ ಹೊರಡುವುದು ಮಾತ್ರ ಹಳೇ ಬಸ್ಸು.

ಟಿಕೆಟ್ ಮಾಡಿಸುವವರಿಗೂ ನಾಲ್ಕು ಮಾತು. ಬಸ್ಸಿನ ನಂಬರು ಮೆಸೇಜಿನಲ್ಲಿ ಬಂದ ಕೂಡಲೇ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ, ಎಫ್‌ಸಿ, ವಿಮೆ ಯಾವ ದಿನದವರೆಗೆ ಇದೆ ಎಂದು ಕಾಣುತ್ತದೆ. ಹತ್ತಿದ ಮೇಲೆ ನಿಮ್ಮ ಬರ್ತಿನಿಂದ ತುರ್ತು ಬಾಗಿಲಿಗೆ ಎಷ್ಟು ಬರ್ತು ದಾಟಬೇಕೆಂದು ಕೈಯಿಂದ ಮುಟ್ಟಿ ಎಣಿಸಿ, ಹೊಗೆಯಲ್ಲಿ ಕಣ್ಣು ಕೆಲಸಕ್ಕೆ ಬಾರದು. ಚಪ್ಪಲಿ, ಟಾರ್ಚು, ಮೊಬೈಲು ಕೈಗೆಟಕುವಂತಿರಲಿ. ವಯಸ್ಸಾದವರಿಗೆ, ಮಕ್ಕಳಿಗೆ ಕೆಳಗಿನ ಬರ್ತೇ ಬೇಕು. ಸುಟ್ಟ ವಾಸನೆ ಬಂದರೆ ಪಕ್ಕದವರು ಏನಂದುಕೊಳ್ಳುತ್ತಾರೋ ಎಂದು ಸುಮ್ಮನಿರದೆ ಎದ್ದು ಹೋಗಿ ಬಸ್ಸು ನಿಲ್ಲಿಸಿ. ಇಳಿದ ಮೇಲೆ ಬ್ಯಾಗಿಗಾಗಿ ಒಳಗೆ ಹೋಗಬೇಡಿ. ಪೊಲೀಸರಿಗೆ 112, ಹೆದ್ದಾರಿ ಸಹಾಯಕ್ಕೆ 1033, ಆಂಬುಲೆನ್ಸಿಗೆ 108. ಎಲ್ಲಿದ್ದೀರಿ ಎಂದು ಕೇಳಿದಾಗ ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ.

ಮಾನ್ಯ ಸಚಿವರೇ, ಆರಂಭಕ್ಕೆ ರಾಜ್ಯವಿಡೀ ಬೇಡ. ಬೆಂಗಳೂರಿನಲ್ಲಿ ಖಾಸಗಿ ಬಸ್ಸು ಹಗಲು ನಿಲ್ಲುವ ಜಾಗಗಳ ಪಟ್ಟಿಯನ್ನು ಮಾಲೀಕರಿಂದಲೇ ಬರೆಸಿಕೊಳ್ಳಿ, ಬರುವ ಹಬ್ಬದ ಹಿಂದಿನ ಹದಿನೈದು ದಿನ ಅಲ್ಲಿ ಸಂಜೆಯ ತಪಾಸಣೆ ನಡೆಸಿ. ಎಷ್ಟು ಬಸ್ಸು ನೋಡಿದಿರಿ, ಎಷ್ಟರಲ್ಲಿ ತುರ್ತು ಬಾಗಿಲು ಒಂದೇ ಕೈಯಲ್ಲಿ ತೆರೆಯಿತು, ಎಷ್ಟನ್ನು ಹೊರಡದಂತೆ ತಡೆದಿರಿ ಎಂಬ ಮೂರು ಅಂಕಿಯನ್ನು ಹದಿನಾರನೆಯ ದಿನ ಇಲಾಖೆಯ ಜಾಲತಾಣದಲ್ಲಿ ಹಾಕಿ.

ಇತಿ,
ರಾತ್ರಿ ಬಸ್ಸಿನ ಒಳಹೊರಗು ಬಲ್ಲ ಕೆಲವರು